ಗದ್ದೆಬಯಲು ಒಂದು, ದಡ ಎರಡು: ಭೂಕಂಪದಲ್ಲಿ ಎರಡು ಜಾಗಗಳ ನಡುವಿನ ನೆಲದ ಚಲನೆಯನ್ನು ಅಂದಾಜು ಮಾಡುವುದು ಹೇಗೆ?

ಭೂಕಂಪವಾದರೆ ನೆಲ ಎಷ್ಟು ಜೋರಾಗಿ ಅಲುಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸಕಲೇಶಪುರದ ಕಡೆ ಗದ್ದೆಬಯಲಿನ ಮೇಲೆ ಕಂಬ ನಿಲ್ಲಿಸಿ ನೀರಿನ ಪೈಪು ದಾಟಿಸಬೇಕಾದವರಿಗೆ ಇದು ಅರ್ಧ ಪ್ರಶ್ನೆ ಮಾತ್ರ. ದಡದ ಕಂಬಕ್ಕೂ ಬಯಲಿನ ನಡುವಿನ ಕಂಬಕ್ಕೂ ಇರುವ ಅಂತರ ಆ ಕ್ಷಣದಲ್ಲಿ ಎಷ್ಟು ಸೆಂಟಿಮೀಟರ್ ಹೆಚ್ಚುಕಡಿಮೆ ಆದೀತು ಎಂಬುದು ಉಳಿದ ಅರ್ಧ. ಇಬ್ಬರು ಏಣಿ ಹೊತ್ತು ಓಡುವಾಗ ಇಬ್ಬರೂ ಒಂದೇ ಹದದಲ್ಲಿ ಓಡಿದರೆ ಏಣಿಗೆ ಏನೂ ಆಗುವುದಿಲ್ಲ. ಒಬ್ಬ ತುಸು ತಡೆದರೂ ಹೆಗಲಿಗೆ ಪೆಟ್ಟು ಬೀಳುತ್ತದೆ. ಉದ್ದದ ಸೇತುವೆ, ಮೇಲ್ಗಾಲುವೆ, ಪೈಪ್‌ಲೈನ್‌ಗಳ ಪಾಡೂ ಅದೇ.

1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಡ್ಜಿನ ಮೇಲಂತಸ್ತಿನಿಂದ 50 ಅಡಿಯ ಒಂದು ತುಂಡು ತನ್ನ ಆಸರೆಯಿಂದ ಜಾರಿ ಕೆಳಗಿನ ಅಂತಸ್ತಿನ ಮೇಲೆ ಬಿತ್ತು. 1995ರ ಕೋಬೆ ಭೂಕಂಪದ ಹೊತ್ತಿಗೆ ಜಪಾನಿನ ಅಕಾಶಿ ಕೈಕ್ಯೋ ಸೇತುವೆಯ ಗೋಪುರಗಳು ಎದ್ದಿದ್ದವು, ಡೆಕ್ (ವಾಹನ ಓಡುವ ಹಾಸು) ಇನ್ನೂ ಕೂತಿರಲಿಲ್ಲ. ಗೋಪುರಗಳ ನಡುವಿನ ಅಂತರವೇ ಹಿಗ್ಗಿದ್ದರಿಂದ 1990 ಮೀಟರ್ ಎಂದು ಯೋಜಿಸಿದ್ದ ನಡುಹಾಸು ಕೊನೆಗೆ 1991 ಮೀಟರ್ ಆಯಿತು.

ನಮ್ಮಲ್ಲಿ ಅಂಥದ್ದೆಲ್ಲ ಆಗುವುದಿಲ್ಲ ಎನ್ನುವವರಿಗೆ ಎರಡು ಮಾತು. ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಕಡಿಮೆ ಅಪಾಯದ ವಲಯ 2ರಲ್ಲಿವೆ, ನಿಜ. ಆದರೆ 1993ರಲ್ಲಿ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಅದಕ್ಕಿಂತಲೂ ಕೆಳಗಿನ ವಲಯ 1ರಲ್ಲಿತ್ತು. ಇನ್ನು 2022ರ ಜೂನ್‌ನಲ್ಲಿ ಹೊಳೆನರಸೀಪುರ ತಾಲೂಕಿನಲ್ಲಿ ಕೇಂದ್ರವಿದ್ದ 3.4 ಪ್ರಮಾಣದ ಕಂಪನಕ್ಕೆ ಬೆಳಗಿನ ಜಾವ ಎದ್ದು ಹೊರಗೆ ಓಡಿಬಂದವರು ನಮ್ಮ ನಡುವೆಯೇ ಇದ್ದಾರೆ. ಅದರಿಂದ ದೊಡ್ಡ ಹಾನಿ ಆಗಲಿಲ್ಲ. ಲೆಕ್ಕ ಮಾಡಿಟ್ಟುಕೊಳ್ಳಲು ಅಷ್ಟು ನೆಪ ಸಾಕು.

ಈ ಲೇಖನ ಸಿವಿಲ್ ವಿದ್ಯಾರ್ಥಿಗಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳಿಗೆ. ಇಲ್ಲಿ ಸಿಗುವುದು ಒಂದು ಅಂದಾಜು. ಅಂತಿಮ ವಿನ್ಯಾಸಕ್ಕೆ ನಮ್ಮ ಐಎಸ್, ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಸಂಹಿತೆಗಳೇ ಆಧಾರ. ಆದರೆ ಸಾಫ್ಟ್‌ವೇರ್ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಮೂಸಿ ನೋಡಲು ಕೈಲೆಕ್ಕ ಬೇಕೇ ಬೇಕು.

ಮೊದಲು, ವ್ಯತ್ಯಾಸ ಬರುವುದು ಎಲ್ಲಿಂದ?

ಕಾರಣಗಳು ಮೂರು. ಅಲೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆ ಸುಮಾರು 4.7 ಕಿ.ಮೀ. ಉದ್ದವಿದೆ, ಸೆಕೆಂಡಿಗೆ 2 ಕಿ.ಮೀ. ವೇಗದಲ್ಲಿ ಉದ್ದಕ್ಕೆ ಸಾಗುವ ಅಲೆ ಅದರ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಎರಡು ಸೆಕೆಂಡಿಗೂ ಹೆಚ್ಚು ಬೇಕು. ಎರಡನೆಯದಾಗಿ, ದಾರಿಯುದ್ದಕ್ಕೂ ಬಂಡೆ, ಬಿರುಕು, ಪದರಗಳಿಗೆ ಬಡಿದು ಅಲೆಯ ಆಕಾರವೇ ಕದಡುತ್ತದೆ, ಹಾಗಾಗಿ ದೂರದ ಜಾಗಗಳ ಕುಲುಕಿಗೆ ಪರಸ್ಪರ ಹೋಲಿಕೆ ಕಡಿಮೆ. ತೈವಾನಿನ ಲೋಟುಂಗ್‌ನಲ್ಲಿ 1980ರಲ್ಲಿ ಶುರುವಾದ ಸ್ಮಾರ್ಟ್-1 ಉಪಕರಣ ಜಾಲ ಇದನ್ನು ಅಳೆದು ತೋರಿಸಿತು. 200 ಮೀಟರ್, 1 ಕಿ.ಮೀ., 2 ಕಿ.ಮೀ. ತ್ರಿಜ್ಯದ ಮೂರು ಸುತ್ತುಗಳಲ್ಲಿ ಮಾಪಕಗಳನ್ನು ಕೂರಿಸಿದ್ದರು. ಮೂರನೆಯ ಕಾರಣ ಮಣ್ಣು. ಒಂದು ಕಂಬ ಬಂಡೆಯ ಮೇಲೆ, ಇನ್ನೊಂದು ಗದ್ದೆಯ ಕೆಸರುಮಣ್ಣಿನ ಮೇಲೆ ನಿಂತಿದ್ದರೆ, ಕೆಳಗಿನಿಂದ ಒಂದೇ ಅಲೆ ಬಂದರೂ ಮೇಲೆ ಕಾಣುವ ಕುಲುಕು ಬೇರೆಬೇರೆ.

ಪಠ್ಯಪುಸ್ತಕಗಳಲ್ಲಿ ಮೊದಲ ಎರಡಕ್ಕೆ ಪುಟಗಟ್ಟಲೆ ಜಾಗ. ಮಲೆನಾಡಿನ ಸೆರಗಿನ ನೆಲದಲ್ಲಿ ನನಗೆ ಮುಖ್ಯವೆನಿಸುವುದು ಮೂರನೆಯದು. ಏಕೆಂಬುದು ಲೆಕ್ಕದಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 1: ಬಿಂದುಗಳನ್ನು ಗುರುತಿಸಿ, ಅಡಿಯಲ್ಲೇನಿದೆ ನೋಡಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಯಲಿನ ಅಗಲ 300 ಮೀಟರ್. 30 ಮೀಟರಿಗೊಂದು ಕಂಬ. ಎರಡೂ ದಡಗಳಲ್ಲಿ ಬಂಡೆ ಮೇಲಕ್ಕೇ ಎದ್ದಿದೆ. ದಡದ ಪಕ್ಕದ ಮೊದಲ ಕಂಬದಡಿ 12 ಮೀಟರ್ ಮಣ್ಣು, ನಟ್ಟನಡುವೆ 30 ಮೀಟರ್.

ಮಣ್ಣಿನ ಆಳ ತಿಳಿಯಲು ಬೋರ್ ಹಾಕಿಸಿ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ. ಅದಕ್ಕೆ ಮುಂಚೆ ಊರಿನವರನ್ನು ಕೇಳಿ: ಬೋರ್‌ವೆಲ್ ಕೊರೆಸಿದಾಗ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು? ಕೇಸಿಂಗ್ ನಿಲ್ಲುವುದು ಗಟ್ಟಿ ಬಂಡೆ ಸಿಕ್ಕಲ್ಲಿ. ದಡದ ಹತ್ತಿರ 40 ಅಡಿ, ನಡುವೆ 100 ಅಡಿ ಎಂದರೆ ನಮ್ಮ ಉದಾಹರಣೆಯೇ ಆಯಿತು. ಬಿಲ್ಲಿನಲ್ಲಿ ಕೇಸಿಂಗ್ ಅಡಿಗೆ ಬೇರೆ ದರ ಹಾಕಿರುತ್ತಾರೆ, ಹಾಗಾಗಿ ರೈತರು ಈ ಸಂಖ್ಯೆಯನ್ನು ಮರೆಯುವುದಿಲ್ಲ. ಒಂದು ಎಚ್ಚರ: ಕೇಸಿಂಗ್ ಆಳದಲ್ಲಿ ಮೆದು ಮಣ್ಣು, ಗರಸು, ಶಿಥಿಲ ಬಂಡೆ ಎಲ್ಲವೂ ಸೇರಿರುತ್ತವೆ. ಶಿಥಿಲ ಬಂಡೆ ಮೆದು ಮಣ್ಣಿಗಿಂತ ಎಷ್ಟೋ ಗಟ್ಟಿ. ಅಷ್ಟನ್ನೂ ಕೆಸರೆಂದು ಎಣಿಸಿದರೆ ಉತ್ತರ ಉಬ್ಬುತ್ತದೆ.

ಮಣ್ಣಿನಲ್ಲಿ ಶಿಯರ್ ಅಲೆಯ (ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ನೆಲವನ್ನು ಅಲುಗಿಸುವ ಅಲೆ) ವೇಗ ಬೇಕು. ಎಸ್‌ಪಿಟಿ ಪರೀಕ್ಷೆಯ ಎನ್ ಮೌಲ್ಯ (ಕೊಳವೆಯನ್ನು ಮಣ್ಣಿಗೆ ಇಳಿಸಲು ಬೇಕಾದ ಸುತ್ತಿಗೆ ಪೆಟ್ಟುಗಳ ಎಣಿಕೆ) ಕೈಲಿದ್ದರೆ ಇಮೈ ಮತ್ತು ತೊನೌಚಿ ಅವರ ಸೂತ್ರ ಬಳಸಬಹುದು: ಎನ್ ಅನ್ನು 0.314ರ ಘಾತಕ್ಕೇರಿಸಿ 97ರಿಂದ ಗುಣಿಸಿ. ಎನ್ 10 ಇದ್ದರೆ ಸೆಕೆಂಡಿಗೆ ಸುಮಾರು 200 ಮೀಟರ್ ಬರುತ್ತದೆ. ದಡದಂಚಿನ 12 ಮೀಟರ್ ಮಣ್ಣು ಇನ್ನೂ ಮೆದು, 180 ಎಂದುಕೊಳ್ಳೋಣ.

ಹೆಜ್ಜೆ 2: ಅಲುಗಾಟದ ಮಟ್ಟ

ವಲಯ 2ಕ್ಕೆ ಐಎಸ್ 1893ರ 2016ರ ಆವೃತ್ತಿ ಕೊಡುವ ವಲಯಾಂಕ 0.10. ನೆಲದ ವೇಗೋತ್ಕರ್ಷ (ವೇಗ ಬದಲಾಗುವ ದರ) ಗುರುತ್ವದ ಹತ್ತನೆಯ ಒಂದು ಭಾಗ, ಅಂದರೆ 0.98 ಮೀಟರ್/ಸೆಕೆಂಡ್². ಇದು ನಿರೀಕ್ಷಿಸಬಹುದಾದ ಅತಿ ದೊಡ್ಡ ಕಂಪನದ ಮಟ್ಟ. ಸಾಮಾನ್ಯ ವಿನ್ಯಾಸಕ್ಕೆ ಇದರ ಅರ್ಧ ತೆಗೆದುಕೊಳ್ಳುತ್ತಾರೆ. ಜೋಡಣೆ ಕಳಚಿ ಬೀಳುವ ಪ್ರಶ್ನೆ ಬಂದಾಗ ಪೂರ್ತಿ ಸಂಖ್ಯೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬಿದ್ದದ್ದು ಅರ್ಧ ಬೀಳುವುದಿಲ್ಲ. ಪೈಪು ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೋಗುವುದಾದರೆ ಅಲ್ಲಿ ವಲಯ 3. ವಲಯಾಂಕ 0.16, ಮುಂದೆ ಬರುವ ನೆಲದ ಚಲನೆಯ ಉತ್ತರಗಳೆಲ್ಲ 1.6 ಪಟ್ಟು.

ವೇಗೋತ್ಕರ್ಷ ಮಾತ್ರ ಸಾಲದು, ನೆಲ ಎಷ್ಟು ಸರಿಯುತ್ತದೆ ಎಂಬುದೂ ಬೇಕು. ಯುರೋಪಿನ ಭೂಕಂಪ ವಿನ್ಯಾಸ ಸಂಹಿತೆಯಾದ ಯೂರೋಕೋಡ್ 8ರಲ್ಲಿ ಇದಕ್ಕೊಂದು ಸರಳ ಸೂತ್ರವಿದೆ: 0.025, ವೇಗೋತ್ಕರ್ಷ, ಮಣ್ಣಿನ ಗುಣಕ, ರೋಹಿತದ (ಯಾವ ಕಂಪನಾವಧಿಗೆ ಎಷ್ಟು ಕುಲುಕು ಎಂದು ತೋರಿಸುವ ರೇಖೆ) ಎರಡು ಮೂಲೆ ಕಾಲಗಳು, ಇವುಗಳ ಗುಣಲಬ್ಧ. ಬಂಡೆಗೆ ಗುಣಕ 1.0, ಕಾಲಗಳು 0.4 ಮತ್ತು 2.0 ಸೆಕೆಂಡ್, ಉತ್ತರ ಸುಮಾರು 2 ಸೆಂ.ಮೀ. ನಡುಬಯಲಿನ ಮಣ್ಣು ಅವರ ಸಿ ವರ್ಗಕ್ಕೆ ಸೇರುತ್ತದೆ: ಗುಣಕ 1.15, ಕಾಲಗಳು 0.6 ಮತ್ತು 2.0, ಉತ್ತರ 3.4 ಸೆಂ.ಮೀ.

ನ್ಯೂಮಾರ್ಕ್ ಮತ್ತು ಹಾಲ್ ಅವರ ಹಳೆಯ ಅನುಪಾತಗಳ ಪ್ರಕಾರ ಒಂದು ಗುರುತ್ವಕ್ಕೆ ಬಂಡೆಯಲ್ಲಿ ಸೆಕೆಂಡಿಗೆ 36 ಇಂಚು, ಮಣ್ಣಿನಲ್ಲಿ 48 ಇಂಚು ನೆಲದ ಅಲುಗಾಟದ ವೇಗ. ನಮ್ಮ 0.10ಕ್ಕೆ ಅದು ಸೆಕೆಂಡಿಗೆ 9 ಮತ್ತು 12 ಸೆಂ.ಮೀ. ಆಗುತ್ತದೆ. ಇದೇ ಅನುಪಾತಗಳನ್ನು ಮುಂದುವರಿಸಿ ಸ್ಥಾನಪಲ್ಲಟ ಲೆಕ್ಕ ಹಾಕಿದರೆ ಬಂಡೆಗೆ 5 ಸೆಂ.ಮೀ. ಬರುತ್ತದೆ, ಯೂರೋಕೋಡಿನ ಎರಡೂವರೆ ಪಟ್ಟು! ಗಾಬರಿ ಬೇಡ. ಈ ವಿಷಯದಲ್ಲಿ ಎರಡು ಪಟ್ಟು ವ್ಯತ್ಯಾಸ ಮಾಮೂಲು. ಉತ್ತರವನ್ನು ಮೂರು ದಶಾಂಶದವರೆಗೆ ಬರೆಯುವವರನ್ನು ಮಾತ್ರ ನಂಬಬೇಡಿ.

ಹೆಜ್ಜೆ 3: ಅಲೆ ತಡವಾಗಿ ಬರುವುದರ ಲೆಕ್ಕ

ಎರಡು ಬಿಂದುಗಳ ನಡುವಿನ ದೂರವನ್ನು ಅಲೆಯ ವೇಗದಿಂದ ಭಾಗಿಸಿದರೆ ತಡ ಎಷ್ಟೆಂದು ಸಿಗುತ್ತದೆ. ನೆಲದ ವೇಗವನ್ನು ಆ ತಡದಿಂದ ಗುಣಿಸಿದರೆ ಸಾಪೇಕ್ಷ ಚಲನೆ. ದಡದಿಂದ ದಡಕ್ಕೆ 300 ಮೀಟರ್, ಅಲೆಯ ವೇಗ ಸೆಕೆಂಡಿಗೆ 2000 ಮೀಟರ್, ತಡ 0.15 ಸೆಕೆಂಡ್. ಬಂಡೆ ಅಲುಗುವ ವೇಗ ಸೆಕೆಂಡಿಗೆ 9 ಸೆಂ.ಮೀ.; ಉತ್ತರ ಸುಮಾರು 1.4 ಸೆಂ.ಮೀ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಈ 2000ದ ಜಾಗದಲ್ಲಿ ಮಣ್ಣಿನ 200 ಹಾಕಿಬಿಡುತ್ತಾರೆ. ಮಣ್ಣಿನಲ್ಲಿ ಅಲೆ ನಿಧಾನ ಎಂಬುದೇನೋ ಸರಿ, ಆದರೆ ಅದು ಮಣ್ಣಿನೊಳಗೆ ಅಡ್ಡಡ್ಡ ನಡೆದು ಬರುವುದಿಲ್ಲ. ಆಳದ ಬಂಡೆಯಲ್ಲಿ ವೇಗವಾಗಿ ಬಂದು, ಮೇಲಿನ ಮೆದು ಪದರಗಳಲ್ಲಿ ಬಾಗುತ್ತಾ ಬಾಗುತ್ತಾ ಕೊನೆಗೆ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಬರುತ್ತದೆ. ನೆಲದ ಮೇಲೆ ನಿಂತವರಿಗೆ ಅದು ಅಡ್ಡಲಾಗಿ ಸಾಗಿದಂತೆ ತೋರುವ ವೇಗ ಕೆಳಗಿನ ಬಂಡೆಯಿಂದ ನಿರ್ಧಾರವಾಗುತ್ತದೆ. ಹಾಗಾಗಿ ಶಿಯರ್ ಅಲೆಗೆ ಸೆಕೆಂಡಿಗೆ 2 ಕಿ.ಮೀ. ಎಂಬುದು ಎಚ್ಚರಿಕೆಯ ಕಡೆಗೇ ವಾಲಿದ ಸಂಖ್ಯೆ. ಮೇಲ್ಮೈ ಅಲೆಗಳ ಕಥೆ ಬೇರೆ. ಅವು ನಿಜಕ್ಕೂ ಅಡ್ಡಡ್ಡ ಸಾಗುತ್ತವೆ, ನಿಧಾನವಾಗಿಯೇ ಸಾಗುತ್ತವೆ. ಆದರೆ ಅವು ಬಲವಾಗಿ ಕಾಣುವುದು ಮೆಕ್ಸಿಕೋ ನಗರದಂಥ ಅಗಲವಾದ ಆಳವಾದ ಕೆಸರಿನ ಬೋಗುಣಿಗಳಲ್ಲಿ. 1985ರಲ್ಲಿ ಅಲ್ಲಿನ ನೀರಿನ ಪೈಪುಗಳು ಸಿಕ್ಕಾಪಟ್ಟೆ ಒಡೆದವು. ನಮ್ಮ 300 ಮೀಟರಿನ ಗದ್ದೆಬಯಲು ಆ ಜಾತಿಯದ್ದಲ್ಲ.

ತಪ್ಪಾಗಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ. 200 ಹಾಕಿ, ಮಣ್ಣಿನ 12 ಸೆಂ.ಮೀ. ವೇಗ ಇಟ್ಟು ಲೆಕ್ಕ ಮಾಡಿದರೆ 18 ಸೆಂ.ಮೀ. ಬರುತ್ತದೆ. ನೆಲ ಸರಿಯುವುದೇ ಒಟ್ಟು 3.4 ಸೆಂ.ಮೀ. ಇರುವಾಗ ಎರಡು ಬಿಂದುಗಳು ಪೂರ್ತಿ ಎದುರುಬದುರು ಸರಿದರೂ ಅದರ ದುಪ್ಪಟ್ಟು ಮೀರಲಾರದು. ಮೀರಿದರೆ ಲೆಕ್ಕ ಹಳ್ಳ ಹಿಡಿದಿದೆ ಎಂದೇ ಅರ್ಥ.

ಹೆಜ್ಜೆ 4: ಅಲೆ ಕದಡುವುದನ್ನೂ ಸೇರಿಸಿ

ಇದಕ್ಕೆ ಯೂರೋಕೋಡ್ 8ರ ಸೇತುವೆ ಭಾಗದಲ್ಲಿ ಸಿದ್ಧ ದಾರಿ ಇದೆ. ಎಷ್ಟು ದೂರವಾದರೆ ಎರಡು ಕುಲುಕುಗಳಿಗೆ ಸಂಬಂಧವೇ ಇಲ್ಲ ಎನ್ನಬಹುದು ಎಂಬ ದೂರವನ್ನು ಅವರು ಮಣ್ಣಿನ ವರ್ಗದ ಮೇಲೆ (ಬಿಯಿಂದ ಡಿಗೆ ಹೋದಂತೆ ಮಣ್ಣು ಮೆದು) ಕೊಟ್ಟಿದ್ದಾರೆ: ಬಂಡೆಗೆ 600 ಮೀಟರ್, ಬಿ ವರ್ಗಕ್ಕೆ 500, ಸಿ ವರ್ಗಕ್ಕೆ 400, ಡಿ ವರ್ಗಕ್ಕೆ 300. ನೆಲದ ಸರಿತವನ್ನು (ಹೆಜ್ಜೆ 2ರಲ್ಲಿ ಯೂರೋಕೋಡಿನಿಂದ ಬಂದ ಸೆಂ.ಮೀ.) √2ರಿಂದ ಗುಣಿಸಿ ಈ ದೂರದಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಎಂಬ ದರ ಸಿಗುತ್ತದೆ. ಬಿಂದುಗಳ ನಡುವಿನ ದೂರದಿಂದ ಗುಣಿಸಿ. ಸರಿತದ √2 ಪಟ್ಟು ಗರಿಷ್ಠ ಮಿತಿ.

ಬಂಡೆಯಿಂದ ಬಂಡೆಗೆ, 300 ಮೀಟರಿಗೆ: 1.4 ಸೆಂ.ಮೀ. ಹಿಂದಿನ ಹೆಜ್ಜೆಯ ಉತ್ತರಕ್ಕೆ ತಾಳೆಯಾಯಿತು. ದಡದಿಂದ ನಡುಬಯಲಿಗೆ, 150 ಮೀಟರ್, ಸಿ ವರ್ಗದ ದರದಲ್ಲಿ: 1.8 ಸೆಂ.ಮೀ. ಅಕ್ಕಪಕ್ಕದ ಕಂಬಗಳಿಗೆ, 30 ಮೀಟರ್: 0.36 ಸೆಂ.ಮೀ. ಒಂದು ಕಂಬ ಆ ಕಡೆ, ಪಕ್ಕದ್ದು ಈ ಕಡೆ ಸರಿಯುವ ಸಂದರ್ಭವನ್ನೂ ಅದೇ ಸಂಹಿತೆ ಬೇರೆಯಾಗಿ ಪರಿಶೀಲಿಸಲು ಹೇಳುತ್ತದೆ. ಎರಡೂ ಕಂಬಗಳಡಿ ಒಂದೇ ಮಣ್ಣಾದರೆ ಈ ಚಲನೆಯ ಅರ್ಧ, ಬೇರೆಬೇರೆ ಮಣ್ಣಾದರೆ ಪೂರ್ತಿ.

ಹೆಜ್ಜೆ 5: ಮಣ್ಣಿನ ಪದರ ಎಷ್ಟು ಬಳುಕುತ್ತದೆ?

ಸಂಹಿತೆಯ ದರ ದೂರಕ್ಕೆ ತಕ್ಕಂತೆ ಏರುತ್ತದೆ. ದಡದ ಬಂಡೆಯಿಂದ ಎರಡು ಮಾರು ದೂರದಲ್ಲೇ ಮಣ್ಣು ಧಿಡೀರನೆ ಆಳಕ್ಕಿಳಿದರೆ ಅದನ್ನು ಈ ದರ ಹಿಡಿಯುವುದಿಲ್ಲ. ಅದಕ್ಕೊಂದು ಪ್ರತ್ಯೇಕ ಲೆಕ್ಕ.

ಮಣ್ಣಿನ ಪದರದ ಸಹಜ ಕಂಪನಾವಧಿ: ಆಳವನ್ನು 4ರಿಂದ ಗುಣಿಸಿ ಶಿಯರ್ ಅಲೆಯ ವೇಗದಿಂದ ಭಾಗಿಸಿ. 12 ಮೀಟರಿಗೆ 0.27 ಸೆಕೆಂಡ್, 30 ಮೀಟರಿಗೆ 0.6 ಸೆಕೆಂಡ್. ಐಎಸ್ 1893ರ ಬಂಡೆ ರೋಹಿತದಲ್ಲಿ 0.27 ಸೆಕೆಂಡಿಗೆ ವರ್ಧನೆ 2.5 ಪಟ್ಟು, 0.6ಕ್ಕೆ 1ನ್ನು 0.6ರಿಂದ ಭಾಗಿಸಿ 1.67. ಇದನ್ನು 0.98ರಿಂದ ಗುಣಿಸಿ, ಅವಧಿಯನ್ನು 2π ಇಂದ ಭಾಗಿಸಿದ್ದರ ವರ್ಗದಿಂದ ಗುಣಿಸಿ, ಕೊನೆಗೆ 1.27ರಿಂದ ಗುಣಿಸಿ. ಈ 1.27 ಎಂಬುದು 4/π. ಏಕರೂಪ ಪದರದ ಮೊದಲ ಕಂಪನ ರೂಪದ ಪಾಲು. ಬರುವುದು ಬಂಡೆಗೆ ಹೋಲಿಸಿ ಮಣ್ಣಿನ ನೆತ್ತಿ ಎಷ್ಟು ಸರಿಯುತ್ತದೆ ಎಂಬ ಉತ್ತರ: 12 ಮೀಟರಿಗೆ 0.6 ಸೆಂ.ಮೀ., 30 ಮೀಟರಿಗೆ 1.9 ಸೆಂ.ಮೀ.

ಇದನ್ನು ಹೆಜ್ಜೆ 4ರ ಸಂಖ್ಯೆಯೊಂದಿಗೆ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು ಸೇರಿಸಿ. ಎರಡರಲ್ಲೂ ಮಣ್ಣಿನ ಪಾಲು ತುಸು ಎರಡು ಸಲ ಎಣಿಕೆಯಾಗುತ್ತದೆ. ಆಗಲಿ ಬಿಡಿ, ತಪ್ಪು ಸುರಕ್ಷಿತ ಕಡೆಗಿದೆ.

ದಡದಿಂದ ನಡುಬಯಲಿಗೆ 1.8 ಮತ್ತು 1.9 ಸೇರಿ 2.6 ಸೆಂ.ಮೀ. ದಡದ ಬಂಡೆಯಿಂದ ಮೊದಲ ಕಂಬಕ್ಕೆ 0.36 ಮತ್ತು 0.6 ಸೇರಿ 0.7 ಸೆಂ.ಮೀ. ಈಗ ಹೋಲಿಸಿ ನೋಡಿ. ಬಂಡೆಯಿಂದ ಬಂಡೆಗೆ 300 ಮೀಟರ್ ದೂರವಿದ್ದೂ ಚಲನೆ 1.4, ಅದರ ಅರ್ಧ ದೂರದ ನಡುಬಯಲಿಗೆ ಸುಮಾರು ದುಪ್ಪಟ್ಟು. ಇಡೀ 30 ಮೀಟರ್ ಬಂಡೆಯ ಮೇಲೇ ಇದ್ದಿದ್ದರೆ 0.14 ಸಾಕಿತ್ತು, ಬಂಡೆ-ಗದ್ದೆ ಸೇರುವಲ್ಲಿ ಅದರ ಐದು ಪಟ್ಟು. ಕೋಲಾರದ ಕಡೆಯ ಸಮತಟ್ಟು ಬಯಲಿನಲ್ಲಿ ದೂರ ಅಳೆದರೆ ಹೆಚ್ಚುಕಡಿಮೆ ಕೆಲಸ ಆಗುತ್ತದೆ. ಇಲ್ಲಿ ಟೇಪು ಹಿಡಿಯುವ ಮುಂಚೆ ಮಣ್ಣು ನೋಡಬೇಕು.

ಹೆಜ್ಜೆ 6: ಮಣ್ಣಿನ ಅವಧಿಯನ್ನು ನೆಲದಲ್ಲೇ ತಾಳೆ ನೋಡಿ

ಹೆಜ್ಜೆ 5ರ ಲೆಕ್ಕವೆಲ್ಲ ಕಂಪನಾವಧಿಯ ಮೇಲೆ ನಿಂತಿದೆ. ಅದನ್ನು ಭೂಕಂಪಕ್ಕೆ ಕಾಯದೆ ಅಳೆಯಬಹುದು. ನೆಲ ಸದಾ ಸಣ್ಣಗೆ ಮಿಡಿಯುತ್ತಿರುತ್ತದೆ. ಮೂರು ದಿಕ್ಕಿನ ಕಂಪನಮಾಪಕ ಇಟ್ಟು ಅರ್ಧ ಗಂಟೆ ದಾಖಲಿಸಿ, ಅಡ್ಡ ಕಂಪನದ ರೋಹಿತವನ್ನು ಲಂಬದ್ದರಿಂದ ಭಾಗಿಸಿದರೆ ಮಣ್ಣಿನ ಸಹಜ ಆವರ್ತನೆಯಲ್ಲಿ ಒಂದು ಮೊನೆ ಏಳುತ್ತದೆ. 1989ರಲ್ಲಿ ನಕಮುರಾ ಇದನ್ನು ಪ್ರಚಾರಕ್ಕೆ ತಂದರು. ನಮ್ಮ ಉದಾಹರಣೆಯಲ್ಲಿ ದಡದ ಕಂಬದ ಬಳಿ 3.7 ಹರ್ಟ್ಸ್, ನಡುವೆ 1.7 ಹರ್ಟ್ಸ್ ಸುಮಾರಿಗೆ ಮೊನೆ ಕಾಣಬೇಕು. 4.5 ಹರ್ಟ್ಸಿನ ಅಗ್ಗದ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಮಾಪಕ) ಇಷ್ಟು ಕೆಳಗೆ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ, 1 ಹರ್ಟ್ಸಿನದ್ದು ತನ್ನಿ.

ನಾಟಿ ಹೊತ್ತಿನಲ್ಲಿ ಹೋಗಬೇಡಿ, ಮಾಪಕ ಕೂರಿಸಲು ಗಟ್ಟಿ ನೆಲವೇ ಸಿಗುವುದಿಲ್ಲ. ಪಕ್ಕದಲ್ಲಿ ಪಂಪ್‌ಸೆಟ್ ಓಡುತ್ತಿದ್ದರೆ ನಿಮಿಷಕ್ಕೆ 1440 ಸುತ್ತಿನ ಮೋಟರು 24 ಹರ್ಟ್ಸಿನಲ್ಲಿ ಸೂಜಿಯಂಥ ಮೊನೆ ಎಬ್ಬಿಸುತ್ತದೆ, ಅದು ಮಣ್ಣಿನದ್ದಲ್ಲ. ತೋಟದಂಚಿನಲ್ಲಿ ಸಿಲ್ವರ್ ಓಕ್ ಮರಗಳಿಂದಲೂ ದೂರ ಇಡಿ. ಗಾಳಿಗೆ ಮರ ತೂಗಿದರೆ ಬೇರು ನೆಲವನ್ನೂ ತೂಗುತ್ತದೆ.

ಎರಡು ಕಡೆ ಮಾಪಕ ಇದ್ದರೆ ನೇರವಾಗಿ ಕಳೆದುಬಿಡಬಹುದೇ?

ಕಳೆಯಬಹುದು. ಆದರೆ ಎರಡು ಮೊಬೈಲ್ ಫೋನಿಟ್ಟು ದಾಖಲಿಸಿ, ವೇಗೋತ್ಕರ್ಷವನ್ನು ಎರಡು ಬಾರಿ ಅನುಕಲಿಸಿ (ಇಂಟಿಗ್ರೇಟ್ ಮಾಡಿ) ವ್ಯತ್ಯಾಸ ತೆಗೆಯುತ್ತೇನೆ ಎನ್ನುವವರು ಮೊದಲು ಈ ಲೆಕ್ಕ ನೋಡಲಿ. ಮಾಪಕದ ಶೂನ್ಯ 0.001 ಮೀಟರ್/ಸೆಕೆಂಡ್² ಅಷ್ಟೇ ಸರಿದಿದೆ ಎನ್ನಿ, ಅಂದರೆ ಗುರುತ್ವದ ಹತ್ತು ಸಾವಿರದ ಒಂದು ಪಾಲು. 40 ಸೆಕೆಂಡಿನ ದಾಖಲೆಯ ಕೊನೆಗೆ ಅದೊಂದೇ 80 ಸೆಂ.ಮೀ. ಸುಳ್ಳು ಚಲನೆ ಹುಟ್ಟಿಸುತ್ತದೆ. ನಾವು ಹುಡುಕುತ್ತಿರುವುದು ಎರಡು ಸೆಂಟಿಮೀಟರನ್ನು.

ಗಡಿಯಾರವೂ ಅಷ್ಟೇ ಮುಖ್ಯ. ನೆಲ ಸೆಕೆಂಡಿಗೆ 12 ಸೆಂ.ಮೀ. ವೇಗದಲ್ಲಿ ಅಲುಗುವಾಗ ಎರಡು ಮಾಪಕಗಳ ಗಡಿಯಾರ 0.1 ಸೆಕೆಂಡ್ ತಪ್ಪಿದರೆ 1.2 ಸೆಂ.ಮೀ. ಸುಳ್ಳು ವ್ಯತ್ಯಾಸ. ಹಾಗಾಗಿ ಎರಡಕ್ಕೂ ಜಿಪಿಎಸ್ ಗಡಿಯಾರ ಇರಲೇಬೇಕು, ಎರಡರ ಉತ್ತರ ಗುರುತೂ ಒಂದೇ ದಿಕ್ಕಿಗಿರಬೇಕು. ಕಂಪನಕ್ಕೆ ಮುಂಚಿನ ಭಾಗದ ಸರಾಸರಿಯನ್ನು ಕಳೆದು, ಎರಡಕ್ಕೂ ಒಂದೇ ಫಿಲ್ಟರ್ ಹಾಕಿ 0.1 ಅಥವಾ 0.2 ಹರ್ಟ್ಸಿಗಿಂತ ಕೆಳಗಿನದನ್ನು ತೆಗೆದು, ಆಮೇಲೆ ಅನುಕಲಿಸಿ, ಆಮೇಲೆ ಕಳೆಯಿರಿ. ಎರಡರ ಗರಿಷ್ಠ ಮೌಲ್ಯಗಳನ್ನಷ್ಟೇ ತೆಗೆದು ಒಂದರಿಂದ ಒಂದನ್ನು ಕಳೆಯುವುದು ದೊಡ್ಡ ತಪ್ಪು. ಎರಡೂ ತಲಾ 3 ಸೆಂ.ಮೀ. ಸರಿದು, ಒಂದು ಪೂರ್ವಕ್ಕಿದ್ದಾಗ ಇನ್ನೊಂದು ಪಶ್ಚಿಮಕ್ಕಿದ್ದರೆ, ಸಾಪೇಕ್ಷ ಚಲನೆ 6; ಗರಿಷ್ಠಗಳ ವ್ಯತ್ಯಾಸ ಸೊನ್ನೆ.

ಹೊಳೆನರಸೀಪುರದಂಥ ಸಣ್ಣ ಕಂಪನದ ದಾಖಲೆ ಸಿಕ್ಕರೆ ಅದನ್ನು ಗುಣಿಸಿ ದೊಡ್ಡ ಭೂಕಂಪಕ್ಕೆ ಒಯ್ಯಬೇಡಿ. ಸಣ್ಣ ಕಂಪನದ ಶಕ್ತಿಯೆಲ್ಲ ಹೆಚ್ಚಿನ ಆವರ್ತನೆಗಳಲ್ಲಿರುತ್ತದೆ, ಅವು ಹತ್ತಾರು ಮೀಟರಿನಲ್ಲೇ ಕದಡಿಹೋಗುತ್ತವೆ. ದೊಡ್ಡ ಭೂಕಂಪದಲ್ಲಿ ನೆಲವನ್ನು ಸೆಂಟಿಮೀಟರುಗಟ್ಟಲೆ ಸರಿಸುವ ನಿಧಾನದ ಅಲೆಗಳು ಬಹುದೂರ ಒಟ್ಟಿಗೇ ಸಾಗುತ್ತವೆ.

ಹೆಜ್ಜೆ 7: ಸಂಖ್ಯೆಯನ್ನು ಎಲ್ಲಿ ಬಳಸಬೇಕು?

ಇಲ್ಲಿಯವರೆಗೆ ಬಂದದ್ದು ನೆಲದ ಚಲನೆ ಮಾತ್ರ. ಕಂಬದ ತುದಿ ತನ್ನದೇ ಬಳುಕಿನಿಂದ ಇನ್ನಷ್ಟು ಸರಿಯುತ್ತದೆ, ಅದನ್ನು ಬೇರೆಯಾಗಿ ಸೇರಿಸಿ. ಬಿಸಿಲಿನ ಹಿಗ್ಗುವಿಕೆಯನ್ನೂ ಮರೆಯಬೇಡಿ. 30 ಮೀಟರ್ ಕಾಂಕ್ರೀಟ್ 20 ಡಿಗ್ರಿ ಏರಿಳಿತಕ್ಕೆ 0.7 ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ, ಮೊದಲ ಕಂಬದ ಭೂಕಂಪದ ಚಲನೆಯಷ್ಟೇ. ವಲಯ 2ರಲ್ಲಿ ಅನೇಕ ಸಲ ಬಿಸಿಲೇ ದೊಡ್ಡ ಭೂಕಂಪ. ಯೂರೋಕೋಡ್ ಭೂಕಂಪದ ಜೊತೆ ಉಷ್ಣದ ಅರ್ಧವನ್ನು ಕೂಡಿಸುತ್ತದೆ. ತೊಲೆ ಆಸರೆಯ ಮೇಲೆ ಕೂರುವ ಉದ್ದಕ್ಕೆ ಈ ಚಲನೆಗಳ ಮೇಲೆ ಕನಿಷ್ಠ 40 ಸೆಂ.ಮೀ. ಬೇರೆ ಕೇಳುತ್ತದೆ. ಅಷ್ಟು ಕೊಟ್ಟರೆ ನಮ್ಮ ಸೆಂಟಿಮೀಟರ್ ಲೆಕ್ಕದಲ್ಲಿ ಎರಡು ಪಟ್ಟು ತಪ್ಪಿದ್ದರೂ ತೊಲೆ ಬೀಳುವುದಿಲ್ಲ.

ಹೂತ ಪೈಪಿನಲ್ಲಿ ಈ ಚಲನೆ ಎಲ್ಲ ಜಾಯಿಂಟುಗಳಿಗೂ ಸಮನಾಗಿ ಹಂಚಿಹೋದರೆ ಆರು ಮೀಟರಿನ ಒಂದೊಂದು ಪೈಪಿಗೆ ಒಂದು ಮಿಲಿಮೀಟರ್ ಸುಮಾರಿಗಷ್ಟೇ ಬರುತ್ತದೆ. ಆದರೆ ಸಮನಾಗಿ ಹಂಚಿಹೋಗುವುದಿಲ್ಲ. ಬಂಡೆ ಮುಗಿದು ಗದ್ದೆ ಶುರುವಾಗುವಲ್ಲಿ, ಕಾಂಕ್ರೀಟ್ ತೊಟ್ಟಿಯ ಗೋಡೆಯಿಂದ ಪೈಪು ಹೊರಬರುವಲ್ಲಿ, ಪಂಪ್‌ಹೌಸಿನ ಮೂಲೆಯಲ್ಲಿ ಒತ್ತುತ್ತದೆ. ಫ್ಲೆಕ್ಸಿಬಲ್ ಕಪ್ಲಿಂಗಿಗೆ ದುಡ್ಡು ಕಡಿಮೆ ಇದ್ದರೆ ಈ ಮೂರು ಕಡೆಗೆ ಮೊದಲು ಕೊಡಿ.

ಈ ಲೆಕ್ಕ ಹಿಡಿಯದ್ದು

ನೆಲ ಹೋಗಿ ವಾಪಸ್ ಬರುವ ಚಲನೆಯನ್ನಷ್ಟೇ ಮೇಲಿನ ಹೆಜ್ಜೆಗಳು ಹೇಳುತ್ತವೆ. ಹೋದದ್ದು ಅಲ್ಲೇ ಉಳಿದರೆ, ಅಂದರೆ ಗುಡ್ಡ ಜರುಗಿದರೆ, ನೀರು ತುಂಬಿದ ಮರಳುಮಣ್ಣು ದ್ರವವಾದರೆ, ಚಲನೆ ಸೆಂಟಿಮೀಟರಿನಿಂದ ಮೀಟರಿಗೆ ಏರುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಭೂಕಂಪವಿಲ್ಲದೆ ಬರೀ ಮಳೆಗೇ ಗುಡ್ಡ ಕುಸಿಯುವುದನ್ನು ನೋಡುತ್ತಿದ್ದೇವೆ. ಅಂಥ ಇಳಿಜಾರಿನಲ್ಲಿ ಕಂಬವಿದ್ದರೆ ಮೊದಲು ಇಳಿಜಾರಿನ ಸ್ಥಿರತೆ ನೋಡಿ. ಎಷ್ಟು ವೇಗೋತ್ಕರ್ಷಕ್ಕೆ ಗುಡ್ಡ ಜಾರಲು ಶುರುವಾಗುತ್ತದೆ ಎಂದು ಕಂಡುಹಿಡಿದು ಅದನ್ನು 0.10ಕ್ಕೆ ಹೋಲಿಸಿ, ಜಾರುವ ಮಿತಿ ಅದಕ್ಕಿಂತ ಕಡಿಮೆ ಬಂದರೆ ನ್ಯೂಮಾರ್ಕ್ 1965ರಲ್ಲಿ ಕೊಟ್ಟ ಜಾರುವ ದಿಮ್ಮಿಯ ವಿಧಾನದಿಂದ ಸರಿತ ಲೆಕ್ಕ ಹಾಕಿ. ಮಿತಿಯನ್ನು ಬೇಸಿಗೆಯ ಒಣ ಮಣ್ಣಿನ ಬಲ ಇಟ್ಟು ಲೆಕ್ಕ ಮಾಡಬೇಡಿ. ಆಷಾಢದ ಮಳೆಗೆ ಪೂರ್ತಿ ನೆನೆದ ಮಣ್ಣಿನ ಬಲ ಇಡಿ. ಆಗಲೂ ಜಾರುವುದಾದರೆ ಜಾಯಿಂಟು ದೊಡ್ಡದು ಮಾಡಿ ಪ್ರಯೋಜನವಿಲ್ಲ, ಕಂಬದ ಜಾಗವನ್ನೇ ಬದಲಿಸಿ.